ಸೈಫರ್ ಕಟ್ಟುವುದು ಹೇಗೆ: ಎಂಟು ವಾರದ ಹಿಪ್‌ಹಾಪ್ ಬಳಗಕ್ಕೊಂದು ಕೈಪಿಡಿ

ಮೊದಲ ದಿನವೇ ಹುಡುಗ ಹುಡುಗಿಯರನ್ನು ಸಾಲಾಗಿ ಕೂರಿಸಿ ‘ಮಾದಕ ವ್ಯಸನದ ವಿರುದ್ಧ ಒಂದು ರ್ಯಾಪ್ ಬರೆಯಿರಿ’ ಎಂದರೆ ಎರಡನೇ ವಾರಕ್ಕೆ ಅರ್ಧ ಜನ ಇರುವುದಿಲ್ಲ. ಉಳಿದವರು ಬರೆದು ತರುವುದು ಪ್ರಾಸ ಹಚ್ಚಿದ ಭಾಷಣ. ಹಿಪ್‌ಹಾಪ್‌ನಲ್ಲಿ ಕಲಿಸುವ ಕೆಲಸ ಸೈಫರಿನದು. ಜನ ಸುತ್ತ ನಿಂತಿರುತ್ತಾರೆ, ಬೀಟ್ ನಿಲ್ಲದೆ ಓಡುತ್ತಿರುತ್ತದೆ, ಒಬ್ಬೊಬ್ಬರೇ ನಡುವೆ ಬಂದು ತಮ್ಮ ಪಾಲು ಮುಗಿದ ಕೂಡಲೇ ಜಾಗ ಬಿಟ್ಟುಕೊಡುತ್ತಾರೆ. ಸರದಿಗೆ ಕಾಯುವುದು, ಇನ್ನೊಬ್ಬರ ಮಾತನ್ನು ಕೊನೆತನಕ ಕೇಳುವುದು, ನಾಲಿಗೆ ಎಡವಿದರೂ ತಾಳ ಬಿಡದಿರುವುದು, ಇಷ್ಟನ್ನೂ ಆ ವೃತ್ತದ ನಿಯಮವೇ ಕಲಿಸುತ್ತದೆ. ಆದ್ದರಿಂದ ಇಲ್ಲಿನ ಹೆಚ್ಚಿನ ಮಾತು ವೃತ್ತವನ್ನು ಹೇಗೆ ಕಟ್ಟಬೇಕು, ಅದು ಎಲ್ಲೆಲ್ಲಿ ಒಡೆಯುತ್ತದೆ ಎಂಬುದರ ಬಗ್ಗೆ. ಲೆಕ್ಕ ಹೀಗೆ ಇಟ್ಟುಕೊಂಡಿದ್ದೇವೆ: 12ರಿಂದ 18 ವಯಸ್ಸಿನ 10–15 ಜನ, ವಾರಕ್ಕೊಮ್ಮೆ ಎರಡು ಗಂಟೆ, ಎಂಟು ವಾರ.

ಒಪ್ಪಂದ ಮೊದಲು, ಬೀಟ್ ಆಮೇಲೆ

ಹಿಪ್‌ಹಾಪ್‌ನ ಹುಟ್ಟುಹಬ್ಬವೆಂದು ಎಲ್ಲರೂ ಹೇಳುವುದು 1973ರ ಆಗಸ್ಟ್ 11. ಅಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ವಠಾರದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಒಂದು ಪಾರ್ಟಿ ಇಟ್ಟಳು. ಅವಳ ಅಣ್ಣ ಡಿಜೆ ಕೂಲ್ ಹರ್ಕ್ ರೆಕಾರ್ಡ್ ನುಡಿಸಿದ. ಆದರೆ ಬಳಗ ಕಟ್ಟುವವರು ಅದಕ್ಕಿಂತ ಮುಖ್ಯವಾಗಿ ನೆನಪಿಡಬೇಕಾದ ತಾರೀಖು 1971ರ ಡಿಸೆಂಬರ್ 8. ಅದಕ್ಕೆ ಆರು ದಿನ ಹಿಂದೆ ಘೆಟ್ಟೊ ಬ್ರದರ್ಸ್ ಎಂಬ ಬೀದಿ ಗ್ಯಾಂಗಿನ ಕಾರ್ನೆಲ್ ಬೆಂಜಮಿನ್ ಎಂಬ ಯುವಕ ಜಗಳ ಬಿಡಿಸಲು ಹೋಗಿ ಕೊಲೆಯಾಗಿದ್ದ. ಇಡೀ ಬ್ರಾಂಕ್ಸ್ ಸೇಡಿಗೆ ಕಾಯುತ್ತಿತ್ತು. ಅವನ ಗುಂಪಿನವರೇ ಸೇಡು ಬೇಡವೆಂದರು. ಹೋ ಅವೆನ್ಯೂದ ಬಾಯ್ಸ್ ಕ್ಲಬ್ಬಿನಲ್ಲಿ ಗ್ಯಾಂಗ್‌ಗಳ ಮುಖಂಡರು ಸೇರಿ ಕದನವಿರಾಮಕ್ಕೆ ಒಪ್ಪಿದರು. ಒಂದು ಬೀದಿಯವರು ಇನ್ನೊಂದು ಬೀದಿಗೆ ಕಾಲಿಡುವುದು ಸಾಧ್ಯವಾಗಿದ್ದಕ್ಕೇ ಮುಂದೆ ಆ ಪಾರ್ಟಿಗಳು ನಡೆದವು. ಮೊದಲು ಮಾತುಕತೆ, ಕುಣಿತ ಆಮೇಲೆ. ನಿಮ್ಮಲ್ಲೂ ಇದೇ ಕ್ರಮವಿರಲಿ.

ಮೊದಲ ದಿನದ ಮೊದಲ ಅರ್ಧ ಗಂಟೆಯಲ್ಲಿ ಒಂದು ದೊಡ್ಡ ಹಾಳೆಯ ಮೇಲೆ ನಿಯಮ ಬರೆಸಿ. ನೀವು ಬರೆಯಬೇಡಿ, ಅವರ ಕೈಯಲ್ಲಿ, ಅವರ ಮಾತಿನಲ್ಲೇ ಬರಲಿ. ನಾಲ್ಕು ವಿಷಯ ಮಾತ್ರ ಬಿಟ್ಟುಹೋಗದಂತೆ ನೋಡಿಕೊಳ್ಳಿ. ಎಲ್ಲರಿಗೂ ಸಮಾನ ಬಾರ್. (ಮನೆಯಲ್ಲಿ ‘ಇವತ್ತು ಹದಿನಾರು ಬಾರ್ ಮುಗಿಸಿದೆ’ ಎಂದು ಹೇಳಿ ಅಮ್ಮನನ್ನು ಗಾಬರಿಪಡಿಸುವ ಮುನ್ನ ಬಾರ್ ಎಂದರೆ ನಾಲ್ಕು ತಟ್ಟಿನ ಒಂದು ಆವರ್ತ ಎಂದು ಎಲ್ಲರಿಗೂ ತಿಳಿಸಿಬಿಡಿ.) ಎರಡನೆಯದು, ಕೇಳಿದಾಗ ‘ಪಾಸ್’ (ಈ ಸರದಿ ನನಗೆ ಬೇಡ) ಎನ್ನುವ ಹಕ್ಕು, ಕಾರಣ ಹೇಳಬೇಕಾಗಿಲ್ಲ. ಮೂರನೆಯದು, ವೃತ್ತದೊಳಗೆ ಫೋನ್ ಇಲ್ಲ, ರೆಕಾರ್ಡಿಂಗ್ ಇಲ್ಲ. ನಾಲ್ಕನೆಯದು ಬ್ಯಾಟಲ್‌ನ, ಅಂದರೆ ಇಬ್ಬರ ನಡುವಿನ ರ್ಯಾಪ್ ಪೈಪೋಟಿಯ, ಗಡಿ: ಎದುರಾಳಿಯ ಸಾಲು, ಫ್ಲೋ (ಮಾತು ತಾಳದ ಮೇಲೆ ಹರಿಯುವ ಬಗೆ), ಶೈಲಿಯನ್ನು ಎಷ್ಟು ಬೇಕಾದರೂ ಗೇಲಿ ಮಾಡಬಹುದು, ಮೈ, ಬಣ್ಣ, ಜಾತಿ, ಧರ್ಮ, ಲಿಂಗ, ಹೆತ್ತವರು ಸುದ್ದಿಗೆ ಬರುವಂತಿಲ್ಲ. ಕೊನೆಗೆ ಪ್ರತಿಯೊಬ್ಬರೂ ತಮಗೆ ತಾವೇ ಇಟ್ಟುಕೊಂಡ ಟ್ಯಾಗ್ ಹೆಸರಿನಲ್ಲಿ ಸಹಿ ಹಾಕಲಿ. ಆ ಹಾಳೆ ಎಂಟೂ ವಾರ ಗೋಡೆಯ ಮೇಲಿರಬೇಕು.

ಹಿಪ್‌ಹಾಪ್ ಯಾರದು ಎಂಬುದನ್ನೂ ಅಂದೇ ಹೇಳಿ. ಬ್ರಾಂಕ್ಸ್‌ನ ಕಪ್ಪು ಜನರ, ಕೆರಿಬಿಯನ್ ವಲಸಿಗರ, ಪೋರ್ಟೊರಿಕೊ ಮೂಲದವರ ಮಕ್ಕಳು ಕಟ್ಟಿದ ಕಲೆ ಇದು. ಅವರ ತಾಳ, ಅವರ ಶಿಸ್ತನ್ನು ಕಲಿಯಬಹುದು. ಕಪ್ಪು ಜನರನ್ನು ಹೀಯಾಳಿಸಲು ಬಳಕೆಯಾಗುತ್ತಿದ್ದ ಪದವನ್ನು ಅವರು ತಮ್ಮೊಳಗೆ ಆಡಿಕೊಳ್ಳುತ್ತಾರೆಂದು ನಾವು ಎತ್ತಿಕೊಳ್ಳುವಂತಿಲ್ಲ. ಅವರ ಉಚ್ಚಾರಣೆಯ ಅಣಕವೂ ಬೇಡ.

ಜಾಗ ಮತ್ತು ಸದ್ದು

ಹದಿನೈದು ಜನಕ್ಕೆ ವೃತ್ತದ ಅಡ್ಡಳತೆ 3ರಿಂದ 4 ಮೀಟರ್ ಇದ್ದರೆ ಸರಿ. ಅದಕ್ಕಿಂತ ದೊಡ್ಡದಾದರೆ ನಡುವೆ ನಿಂತವರಿಗೆ ತಾವು ಒಂಟಿ ಅನ್ನಿಸುತ್ತದೆ, ಅಂಚಿನವರು ಪಕ್ಕದವರೊಡನೆ ಹರಟೆಗಿಳಿಯುತ್ತಾರೆ. ನೆಲದ ಮೇಲೆ ಟೇಪ್‌ನಿಂದ ಗುಂಡಗೆ ಗುರುತು ಮಾಡಿ. ಇಲ್ಲದಿದ್ದರೆ ಹತ್ತು ನಿಮಿಷದಲ್ಲಿ ವೃತ್ತ ಅರ್ಧಚಂದ್ರವಾಗಿ, ಒಬ್ಬ ಹಾಡುವವನೂ ಉಳಿದ ಪ್ರೇಕ್ಷಕರೂ ಆಗಿಬಿಡುತ್ತಾರೆ.

ಒಂದೇ ಸ್ಪೀಕರ್ ಸಾಕು. ವೃತ್ತದ ಹೊರಗೆ, ಕಿವಿಯ ಎತ್ತರಕ್ಕೆ ಇಡಿ. ಮೊದಲ ಎರಡು ವಾರ ಮೈಕ್ ಬೇಡವೇ ಬೇಡ. ಮೈಕ್ ಸಿಕ್ಕ ಕೂಡಲೇ ಹೊಸಬರು ಮಾತನ್ನು ನುಂಗಲು ಶುರುಮಾಡುತ್ತಾರೆ. ಬರಿಗಂಟಲಲ್ಲಿ ಬೀಟ್ ಮೇಲೆ ಕೇಳಿಸುವ ಹಾಗೆ ಹೇಳುವುದು ಅಭ್ಯಾಸವಾಗಲಿ. ಆಮೇಲೆ ಡೈನಾಮಿಕ್ ಕಾರ್ಡಿಯಾಯ್ಡ್ ಮೈಕ್ (ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವಂಥದು) ತನ್ನಿ, ಬಾಯಿಂದ 3–5 ಸೆಂಟಿಮೀಟರ್ ದೂರದಲ್ಲಿ ಹಿಡಿಸಿ. ವಿಡಿಯೊಗಳಲ್ಲಿ ನೋಡಿ ಎಲ್ಲರೂ ಮೈಕಿನ ತಲೆಯನ್ನೇ ಮುಷ್ಟಿಯಲ್ಲಿ ಮುಚ್ಚುತ್ತಾರೆ. ಕಾರ್ಡಿಯಾಯ್ಡ್ ಮೈಕ್ ಹಿಂದಿನ ಸದ್ದನ್ನು ತಳ್ಳಿಹಾಕುವುದು ತಲೆಯ ಹಿಂಭಾಗದ ಕಿಂಡಿಗಳಿಂದ. ಅವು ಮುಚ್ಚಿದರೆ ಅದು ಸುತ್ತಲಿನ ಸದ್ದನ್ನೆಲ್ಲ ಹಿಡಿದು ಕೀಂ ಎನ್ನುತ್ತದೆ, ಮಾತೂ ಮಸುಕಾಗುತ್ತದೆ. ಕೈ ಹಿಡಿಯ ಮೇಲಿರಲಿ, ಮೈಕಿನ ಬಾಲ ಸ್ಪೀಕರ್ ಕಡೆಗಿರಲಿ.

ಬೀಟ್

ರ್ಯಾಪ್ ಕಲಿಯುವವರಿಗೆ ನಿಮಿಷಕ್ಕೆ 85–92 ತಟ್ಟಿನ ವೇಗ ಹದ. 90ರಲ್ಲಿ ಒಂದು ಬಾರ್ ಸುಮಾರು 2.7 ಸೆಕೆಂಡ್, 8 ಬಾರ್‌ಗೆ 21 ಸೆಕೆಂಡ್, 16 ಬಾರ್‌ಗೆ 43. ಈ ಲೆಕ್ಕ ಬಾಯಿಗೆ ಬಂದಿರಲಿ. ಹದಿನೈದು ಜನ ತಲಾ 8 ಬಾರ್ ಹೇಳಿದರೆ ಒಂದು ಸುತ್ತು ಐದೂವರೆ ನಿಮಿಷದೊಳಗೆ ಮುಗಿಯುತ್ತದೆ. ‘ಎಲ್ಲರಿಗೂ ಅವಕಾಶ ಕೊಡಲು ಸಮಯವೆಲ್ಲಿ?’ ಎಂಬ ನೆಪಕ್ಕೆ ಇಲ್ಲಿ ಜಾಗವಿಲ್ಲ.

ಬೀಟನ್ನು ಬಳಗದವರೇ ಮಾಡಲಿ. ಉಚಿತವಾಗಿ ಸಿಗುವ ಯಾವುದೇ ಡ್ರಮ್ ಆ್ಯಪ್‌ನಲ್ಲಿ 16 ಮನೆಗಳ ಸಾಲು ಇರುತ್ತದೆ. ಸ್ನೇರ್ (ಚಟ್ ಎನ್ನುವ ಡ್ರಮ್) 5 ಮತ್ತು 13ನೇ ಮನೆಗೆ; ಕಿಕ್ (ಧಂ ಎನ್ನುವ ದೊಡ್ಡ ಡ್ರಮ್) 1, 8, 11ಕ್ಕೆ; ಹೈಹ್ಯಾಟ್ (ಜೋಡಿ ಕಂಚಿನ ತಾಳ) ಎಲ್ಲ ಬೆಸ ಮನೆಗಳಿಗೆ. ಸ್ವಿಂಗ್ (ಸಮ ಮನೆಗಳ ಏಟನ್ನು ತುಸು ತಡಮಾಡುವ ಗುಂಡಿ) 55ರಿಂದ 58 ಶೇಕಡಾ ಇಟ್ಟರೆ ಯಂತ್ರದ ಬಿಗುವು ಹೋಗಿ ತಲೆ ತಾನಾಗಿ ಆಡುತ್ತದೆ. ಹಿನ್ನೆಲೆಯಲ್ಲಿ ಎರಡು ಸ್ವರದ ಬೇಸ್ (ತಗ್ಗು ಸ್ವರದ ವಾದ್ಯ) ಇದ್ದರೆ ಸಾಕು. ಸಂಗೀತ ತುಂಬಿದಷ್ಟೂ ಮಾತಿಗೆ ಎಡೆ ಕಡಿಮೆ. ಒಂದೇ ತುಣುಕು ಯಾಕೆ ಸುತ್ತುತ್ತಿರಬೇಕು ಎಂದು ಯಾರಾದರೂ ಕೇಳುತ್ತಾರೆ, ಕೇಳಲಿ. ಹಾಡಿನ ನಡುವೆ ಡ್ರಮ್ ಮಾತ್ರ ಉಳಿಯುವ ತುಣುಕು, ಅಂದರೆ ‘ಬ್ರೇಕ್’, ಬರುವುದನ್ನೇ ನರ್ತಕರು ಕಾಯುತ್ತಾರೆಂದು ಹರ್ಕ್ ಗಮನಿಸಿದ್ದ. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್ ಮೇಲಿಟ್ಟು ಒಂದರಿಂದ ಇನ್ನೊಂದಕ್ಕೆ ದಾಟುತ್ತಾ, ಕೆಲವೇ ಸೆಕೆಂಡಿನ ಬ್ರೇಕನ್ನು ನಿಮಿಷಗಟ್ಟಲೆ ಎಳೆದ. ಆ ಬ್ರೇಕ್‌ಗೆ ಕುಣಿದವರೇ ಬಿ-ಬಾಯ್, ಬಿ-ಗರ್ಲ್‌ಗಳಾದರು.

ಚಪ್ಪಾಳೆ ಎರಡನೇ ಮತ್ತು ನಾಲ್ಕನೇ ತಟ್ಟಿಗೆ, ಸ್ನೇರ್ ಜೊತೆಗೆ. ಹೊಸ ಗುಂಪು ಒಂದು, ಮೂರಕ್ಕೆ ತಟ್ಟುತ್ತದೆ, ಮೇಲಾಗಿ ಓಡುತ್ತದೆ. ತಿದ್ದಲು ಒಂದೇ ಉಪಾಯ: ಒಂದು, ಮೂರಕ್ಕೆ ಕಾಲು ತುಳಿಸಿ, ಕಾಲು ಕಟ್ಟುಬಿದ್ದರೆ ಕೈ ಸರಿಹೋಗುತ್ತದೆ.

ಸಾಲು ಕಟ್ಟುವುದು

ಕನ್ನಡದವರಿಗೆ ಇಲ್ಲೊಂದು ಅನುಕೂಲವಿದೆ, ಬಹಳ ಜನ ಅದನ್ನು ಶಾಲೆಯಲ್ಲೇ ಬಿಟ್ಟುಬಂದಿದ್ದಾರೆ. ಪ್ರಸ್ತಾರ ಹಾಕಿದ್ದು ನೆನಪಿದೆಯಲ್ಲ? ಲಘು ಒಂದು ಮಾತ್ರೆ, ಗುರು ಎರಡು. ದೀರ್ಘ, ಅನುಸ್ವಾರ, ಒತ್ತಕ್ಷರದ ಹಿಂದಿನ ಅಕ್ಷರ ಗುರು. ಡ್ರಮ್ ಆ್ಯಪ್‌ನ 16 ಮನೆಗಳೆಂದರೆ 16 ಮಾತ್ರೆ. ಮಂದಾನಿಲ ರಗಳೆಯ ಸಾಲಿಗೂ ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು 16. ಒಂದು ಸಾಲು ಸರಿಯಾಗಿ ಒಂದು ಬಾರ್‌ನಲ್ಲಿ ಕೂರುತ್ತದೆ. ನೋಡಿ:

ಗೋಡೆಯ ಮೇಲಿದೆ ಅಳಿಸಿದ ಹೆಸರು
ಓಡುವ ಕಾಲಿಗೆ ಸಿಕ್ಕಿತು ಉಸಿರು

ಗೋಡೆಯ (4), ಮೇಲಿದೆ (4), ಅಳಿಸಿದ (4), ಹೆಸರು (3). ಕೊನೆಯ ಒಂದು ಮಾತ್ರೆ ಖಾಲಿ. ಅದು ಉಸಿರೆಳೆಯುವ ಜಾಗ. ‘ಅಳಿಸಿದ’ ನಾಲ್ಕೂ ಲಘು, ನಾಲಿಗೆ ಅಲ್ಲಿ ಓಡುತ್ತದೆ. ‘ಗೋಡೆಯ’ದಲ್ಲಿ ಗುರು ಇರುವುದರಿಂದ ಊರಿ ನಿಲ್ಲುತ್ತದೆ. ಫ್ಲೋ ಎಂದರೆ ಬಹುಮಟ್ಟಿಗೆ ಇದೇ ಊರುವ ಓಡುವ ಆಟ. ನಾಲ್ಕನೇ ಗಣ ಶುರುವಾಗುವುದು 13ನೇ ಮನೆಯಲ್ಲಿ, ಅಂದರೆ ಎರಡನೇ ಸ್ನೇರ್ ಮೇಲೆ. ಹಾಗಾಗಿ ‘ಹೆಸರು’, ‘ಉಸಿರು’ ಎರಡೂ ಸ್ನೇರ್ ಏಟಿಗೇ ಬೀಳುತ್ತವೆ. ಎರಡನೇ ಅಕ್ಷರದ ‘ಡ’ ಪ್ರಾಸ ಸಾಲುಗಳ ತಲೆ ಕಟ್ಟುತ್ತದೆ. ಕೇಳುಗರಿಗೆ ಯಾಕೆಂದು ಗೊತ್ತಾಗದಿದ್ದರೂ ಹಿಡಿತ ಗೊತ್ತಾಗುತ್ತದೆ.

ಕಲಿಸುವಾಗ ಚೌಕುಳಿ ಹಾಳೆ ಕೊಡಿ. ಸಾಲಿಗೆ 16 ಚೌಕ, 5 ಮತ್ತು 13ಕ್ಕೆ ಬಣ್ಣ. ಲಘುವಿಗೆ ಒಂದು ಚೌಕ, ಗುರುವಿಗೆ ಎರಡು. ಹೊಸಬರ ಸಾಲು 22–24 ಮಾತ್ರೆ ಉದ್ದವಿರುತ್ತದೆ. ಮೂರನೇ ಬಾರ್‌ನಲ್ಲಿ ಉಸಿರು ಕಟ್ಟುತ್ತದೆ, ಆಮೇಲೆ ‘ನನಗೆ ತಾಳವಿಲ್ಲ’ ಎಂದು ಕೈಚೆಲ್ಲುತ್ತಾರೆ. ತಾಳ ಇದೆ, ಮಾತು ಹೆಚ್ಚಾಗಿದೆ ಅಷ್ಟೆ. ಚೌಕದ ಹೊರಗೆ ಉಳಿದ ಪದಗಳನ್ನು ಹೊಡೆದುಹಾಕಿಸಿ. ಇಲ್ಲಿ ಆಡುಮಾತು ಕೈಹಿಡಿಯುತ್ತದೆ: ‘ಹೋಗುತ್ತಿದ್ದೇನೆ’ಗೆ 9 ಮಾತ್ರೆ ಬೇಕು, ‘ಹೋಗ್ತಿದೀನಿ’ಗೆ 6 ಸಾಕು. ಮನೆಯಲ್ಲಿ ಯಾವ ಕನ್ನಡ ಆಡುತ್ತಾರೋ ಅದರಲ್ಲೇ ಬರೆಯಲಿ. ತಿದ್ದುವ ಕೆಂಪು ಪೆನ್ನನ್ನು ಬಾಗಿಲ ಹೊರಗೆ ಬಿಟ್ಟು ಬನ್ನಿ. ತರಗತಿಯಲ್ಲಿ ಬಾಯಿಬಿಡದ ಎಷ್ಟೋ ಮಕ್ಕಳ ಮೌನಕ್ಕೆ ‘ನಿನ್ನ ಭಾಷೆ ಶುದ್ಧವಿಲ್ಲ’ ಎಂಬ ಮಾತೇ ಕಾರಣ.

ಕನ್ನಡದ ಬಲೆಯೂ ಒಂದಿದೆ. ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ‘ಹೋದೆ’, ‘ಬಂದೆ’, ‘ಅಂದೆ’ ಎಂದು ಪ್ರತ್ಯಯದಿಂದ ಪ್ರಾಸ ಪುಕ್ಕಟೆ ಸಿಗುತ್ತದೆ. ಎಂಟು ಸಾಲು ಹೀಗೇ ಹೋದರೆ ಕಿವಿ ಮಲಗುತ್ತದೆ. ಮದ್ದು: ವಾಕ್ಯವನ್ನು ತಿರುವಿ ನಾಮಪದವನ್ನು ಕೊನೆಗೆ ತನ್ನಿ. ‘ಉಸಿರು ಸಿಕ್ಕಿತು’ ಅನ್ನುವ ಬದಲು ‘ಸಿಕ್ಕಿತು ಉಸಿರು’. ಎಂಟು ಸಾಲಿನಲ್ಲಿ ಪ್ರತ್ಯಯದ ಪ್ರಾಸ ಎರಡೇ ಜೋಡಿ ಎಂದು ಮಿತಿ ಹಾಕಿ. ಹದ ಸಿಕ್ಕವರಿಗೆ ಮುಂದಿನ ಮೆಟ್ಟಿಲು ಉತ್ಸಾಹ ರಗಳೆ: ಮೂರು ಮಾತ್ರೆಯ ನಾಲ್ಕು ಗಣ, ಒಟ್ಟು 12. ಇವತ್ತು ಟ್ರಿಪ್ಲೆಟ್ ಫ್ಲೋ (ಒಂದೊಂದು ತಟ್ಟಿಗೆ ಮೂರು ಅಕ್ಷರ) ಎಂದು ಕರೆಯುವುದಕ್ಕೆ ಅದು ಅಚ್ಚುಕಟ್ಟಾಗಿ ಹೊಂದುತ್ತದೆ.

ಏನು ಬರೆಯಬೇಕು? ‘ನಿನ್ನ ಬದುಕಿನ ಬಗ್ಗೆ ಬರೆ’ ಎನ್ನಬೇಡಿ; ಅಷ್ಟು ದೊಡ್ಡ ಪ್ರಶ್ನೆಗೆ ಯಾರ ಕೈಯೂ ಓಡುವುದಿಲ್ಲ. ಬೆಳಿಗ್ಗೆಯಿಂದ ಕೇಳಿದ ಹತ್ತು ಸದ್ದು, ಜೇಬಿನಲ್ಲಿರುವ ವಸ್ತುಗಳು, ಬಾಗಿಲು ಮುಚ್ಚುವ ಮೂರು ಬಗೆ, ಇಂಥವು ಕೊಡಿ. ಐದು ನಿಮಿಷ ಪೆನ್ನು ಎತ್ತದೆ ಬರೆಯಲಿ, ಅದರಲ್ಲಿ ಮೂರು ಪದಕ್ಕೆ ಸುತ್ತು ಹಾಕಲಿ, ಆ ಮೂರರಿಂದ ನಾಲ್ಕು ಸಾಲು.

ವೃತ್ತ ನಡೆಸುವುದು

ಎರಡು ಗಂಟೆ ಹೀಗೆ ಹಂಚಬಹುದು: ಬರುವವರು ಬರುತ್ತಿರುವಾಗ 10 ನಿಮಿಷ ಸಂಗೀತ, 15 ನಿಮಿಷ ಮೈ ಬಿಸಿ ಮತ್ತು ಚಪ್ಪಾಳೆ, 15 ನಿಮಿಷ ಕೇಳುವುದು ಮಾತಾಡುವುದು, 30 ನಿಮಿಷ ಬರಹ, 10 ಬಿಡುವು, 30 ಸೈಫರ್, 10 ಮುಕ್ತಾಯ. ತಡವಾದರೆ ಬರಹದಲ್ಲಿ ಕತ್ತರಿಸಿ, ಸೈಫರ್‌ನಲ್ಲಿ ಬೇಡ.

ಮೊದಲ ಸುತ್ತು ಎರಡೇ ಬಾರ್: ಟ್ಯಾಗ್ ಹೆಸರು, ಅದಕ್ಕೊಂದು ಪ್ರಾಸ. ಗುಂಪು ಅದನ್ನೇ ಮರುನುಡಿಯಬೇಕು. ತನ್ನ ಹೆಸರನ್ನು ಹದಿನೈದು ಗಂಟಲು ಹಿಂದಿರುಗಿಸುವುದನ್ನು ಕೇಳಿದ ಮೇಲೆ ಎರಡನೇ ಸುತ್ತಿಗೆ ಹೆದರುವವರು ಕಡಿಮೆ. ಮುಂದೆ ನಾಲ್ಕು ಬಾರ್, ಮೂರನೇ ವಾರದಿಂದ ಎಂಟು. ಫ್ರೀಸ್ಟೈಲ್ ಮಾಡುವಾಗ, ಅಂದರೆ ಬರೆದುಕೊಳ್ಳದೆ ಆಗಿಂದಾಗಲೇ ಸಾಲು ಕಟ್ಟಿ ಹೇಳುವಾಗ, ಮಾತು ನಿಂತುಹೋದರೆ ಗುಂಪು ಒಪ್ಪಿಕೊಂಡ ಒಂದು ಕೂಗನ್ನು ಹೇಳಿ ಎರಡು ಬಾರ್ ತುಂಬಬೇಕು. ಬಿದ್ದವರನ್ನು ತಾಳವೇ ಎತ್ತುವ ವ್ಯವಸ್ಥೆ ಇದು. ‘ಪರವಾಗಿಲ್ಲ, ಪರವಾಗಿಲ್ಲ’ ಎಂಬ ಸಮಾಧಾನಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ವೃತ್ತ ಸಾಮಾನ್ಯವಾಗಿ ಒಡೆಯುವುದು ಪ್ರತಿಭಾವಂತನಿಂದ. ಒಬ್ಬನಿಗೆ ಚೆನ್ನಾಗಿ ಬರುತ್ತದೆ, ಎಲ್ಲರೂ ಹೋ ಎನ್ನುತ್ತಾರೆ, ಅವನು 8ರ ಬದಲು 40 ಬಾರ್ ಎಳೆಯುತ್ತಾನೆ. ಮೊದಲು ಹಿಂದೆ ಸರಿಯುವವರು ಹುಡುಗಿಯರು, ಆಮೇಲೆ ಮೆಲುದನಿಯವರು. ನಿಯಮ ಕಟ್ಟುನಿಟ್ಟಾಗಿರಲಿ: ಬಯಸಿದ ಎಲ್ಲರ ಮೊದಲ ಸರದಿ ಮುಗಿಯುವವರೆಗೆ ಯಾರಿಗೂ ಎರಡನೆಯದಿಲ್ಲ. ಎಂಟನೇ ಬಾರ್‌ನ ಕೊನೆಯಲ್ಲಿ ಬೀಟ್ ನೋಡಿಕೊಳ್ಳುವವರು ಸ್ನೇರ್ ತೆಗೆದುಬಿಡಲಿ. ಯಾರೂ ತಡೆಯದೆ ಸಂಗೀತವೇ ಇಳಿಸಿದಂತಾಗುತ್ತದೆ. ಆ ಪ್ರತಿಭಾವಂತನಿಗೆ ನಾಲ್ಕನೇ ವಾರ ಆತಿಥೇಯನ ಕೆಲಸ ಕೊಡಿ: ಪ್ರತಿಯೊಬ್ಬರನ್ನು ಕರೆತರುವಾಗ ಅವರ ಹಿಂದಿನ ಸಾಲೊಂದನ್ನು ಎತ್ತಿ ಹೇಳಬೇಕು. ಕೇಳದೆ ಆ ಕೆಲಸ ಮಾಡಲಾಗದು.

ಬೇರೆಯವರ ಸಾಲು ಕದಿಯುವುದಕ್ಕೆ ‘ಬೈಟಿಂಗ್’ ಎನ್ನುತ್ತಾರೆ, ಹಿಪ್‌ಹಾಪ್‌ನ ದೊಡ್ಡ ಅವಮಾನ. ಹಾಗೆಂದು ಸಾರ್ವಜನಿಕವಾಗಿ ಹಿಡಿಯಬೇಡಿ. ‘ಆ ಸಾಲಿಗೆ ಉತ್ತರ ಬರೆ’ ಎಂದರೆ ಕದ್ದದ್ದು ತಾನಾಗಿ ಸಂವಾದವಾಗುತ್ತದೆ.

ಪಾಠಕ್ಕೆ ಬಳಸುವಾಗ

ವಿಜ್ಞಾನ ಪಾಠವನ್ನು ರ್ಯಾಪ್ ಮಾಡಿಸುವುದು ಹೊಸತೇನಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿದ್ದ ಕ್ರಿಸ್ಟೋಫರ್ ಎಮ್ಡಿನ್, ವು-ಟ್ಯಾಂಗ್ ಕ್ಲ್ಯಾನ್ ಎಂಬ ರ್ಯಾಪ್ ತಂಡದ ಜಿಝಾ ಜೊತೆಗೂಡಿ 2012–13ರಲ್ಲಿ ನ್ಯೂಯಾರ್ಕಿನ ಸರಕಾರಿ ಶಾಲೆಗಳಲ್ಲಿ ‘ಸೈನ್ಸ್ ಜೀನಿಯಸ್’ ಎಂಬ ಸ್ಪರ್ಧೆ ಶುರುಮಾಡಿದರು; ಹಾಡು ಬರೆದದ್ದು ವಿದ್ಯಾರ್ಥಿಗಳು. ಶಿಕ್ಷಕರು ಬರೆದ ರ್ಯಾಪನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವುದು ಕಂಠಪಾಠವೇ, ಬೀಟ್ ಇದ್ದರೂ ಅಷ್ಟೆ.

ಸಾಮಾನ್ಯ ಸೋಲು ಇದು: ದ್ಯುತಿಸಂಶ್ಲೇಷಣೆಯ ಮೇಲೆ ಬರೆಯಿರೆಂದರೆ ‘ಎಲೆ, ಬಿಸಿಲು, ನೀರು, ಆಮ್ಲಜನಕ’ ಎಂದು ಪದಗಳ ಪಟ್ಟಿ ಬರುತ್ತದೆ. ತಡೆಯಲು ಒಂದು ಷರತ್ತು ಹಾಕಿ: ಪ್ರತಿ ನಾಲ್ಕು ಬಾರ್‌ನಲ್ಲಿ ಒಂದು ‘ಯಾಕೆಂದರೆ’ ಅಥವಾ ‘ಅದರಿಂದ’ ಇರಲೇಬೇಕು. ಇನ್ನೊಂದು, ಪಾತ್ರವಾಗಿ ಮಾತಾಡಲಿ. ಇಂಗಾಲದ ಒಂದು ಪರಮಾಣು ಗಾಳಿಯಿಂದ ಎಲೆಯೊಳಗೆ ಹೊಕ್ಕು ಸಕ್ಕರೆಯಾಗುವವರೆಗಿನ ಪ್ರಯಾಣವನ್ನು ‘ನಾನು’ ಎಂದು ಹೇಳಬೇಕಾದರೆ ಹಂತ ತಪ್ಪಿಸಲಾಗುವುದಿಲ್ಲ. ಹಾಡುವ ಮುನ್ನ ಹಾಳೆಗಳನ್ನು ಅದಲುಬದಲು ಮಾಡಿಸಿ. ಓದಿದವರು ತಪ್ಪು ಹುಡುಕಲಿ. ಪ್ರಾಸಕ್ಕಾಗಿ ಸತ್ಯ ತಿರುಚಿದ ಸಾಲು ಅಲ್ಲೇ ಸಿಕ್ಕಿಬೀಳುತ್ತದೆ.

ನೋವು ಬಂದಾಗ

ಅಮೆರಿಕದ ಸಮಾಜಕಾರ್ಯ ತಜ್ಞ ಎಡ್ಗರ್ ಟೈಸನ್ 1990ರ ದಶಕದ ಕೊನೆಯಲ್ಲಿ ‘ಹಿಪ್‌ಹಾಪ್ ಥೆರಪಿ’ ಎಂಬ ಪದ್ಧತಿ ರೂಪಿಸಿದರು, 2002ರಲ್ಲಿ ಅದರ ಅಧ್ಯಯನ ಪ್ರಕಟಿಸಿದರು. ಅವರು ತರಬೇತಿ ಪಡೆದವರು. ತರಬೇತಿಯಿಲ್ಲದ ನೀವು ನಡೆಸುವುದಕ್ಕೆ ಚಿಕಿತ್ಸೆ ಎಂದು ಹೆಸರಿಡಬೇಡಿ. ಮನಸ್ಸು ಹಗುರಾಗಬಹುದು, ಆಗಲಿ; ಗಾಯ ಕೆದಕುವ ಅಧಿಕಾರ ಮಾತ್ರ ನಿಮಗಿಲ್ಲ.

ನೋವಿನ ಬಗ್ಗೆ ಬರೆಯಿರೆಂದು ಕೇಳದಿದ್ದರೂ ಮೂರು ನಾಲ್ಕನೇ ವಾರಕ್ಕೆ ಅದು ಬರುತ್ತದೆ. ಬರೆಯುವವರಿಗೆ ಅಂತರ ಒದಗಿಸಿ: ‘ನಾನು’ ಬದಲು ‘ಅವನು’, ಅಥವಾ ಆ ಕೋಣೆಯ ಗೋಡೆ ಕಂಡದ್ದು, ಚಪ್ಪಲಿ ಕೇಳಿಸಿಕೊಂಡದ್ದು. ಬರೆದದ್ದನ್ನು ಹಾಡದೆ ಮಡಚಿ ಒಯ್ಯುವುದೂ ಪೂರ್ತಿ ಕೆಲಸವೆಂದೇ ಲೆಕ್ಕ.

ಯಾರಾದರೂ ಭಾರವಾದದ್ದನ್ನು ವೃತ್ತದಲ್ಲಿ ಹೇಳಿಬಿಟ್ಟರೆ ಜೋರು ಚಪ್ಪಾಳೆ, ‘ಸೂಪರ್’ ಬೇಡ. ನೋವನ್ನು ಪ್ರದರ್ಶನವಾಗಿಸುವುದು ಅದೇ. ಬೀಟ್ ತಗ್ಗಿಸಿ, ನಾಲ್ಕು ಬಾರ್ ಯಾರೂ ಮಾತಾಡದೆ ನಿಲ್ಲಿ, ಎಲ್ಲರೂ ಕಾಲು ಮಾತ್ರ ತುಳಿಯಲಿ. ನಿಮಿಷಕ್ಕೆ 60ರ ತಾಳದಲ್ಲಿ 4 ಎಣಿಕೆ ಉಸಿರು ಒಳಗೆ, 6 ಎಣಿಕೆ ಹೊರಗೆ, ಐದಾರು ಸಲ. ಆಮೇಲೆ ಹಗುರವಾದ ಗುಂಪುನುಡಿಯಿಂದ ಮುಂದುವರಿಯಿರಿ, ಇನ್ನೊಂದು ಭಾರದ ಸಾಲಿನಿಂದಲ್ಲ. ಒಬ್ಬರ ನೋವು ಇನ್ನೊಬ್ಬರಿಗೆ ಸವಾಲಾಗಿ, ‘ನನ್ನದು ಇದಕ್ಕಿಂತ ದೊಡ್ಡದು’ ಎಂಬ ಸರಪಳಿ ಶುರುವಾದರೆ ವೃತ್ತ ಕೈತಪ್ಪುತ್ತದೆ. ಅಂದೇ, ಏಕಾಂತದಲ್ಲಿ, ಅವರನ್ನು ಮಾತಾಡಿಸಿ. ಗುಟ್ಟಾಗಿಡುತ್ತೇನೆಂದು ಮಾತ್ರ ಮುಂಚಿತವಾಗಿ ಭಾಷೆ ಕೊಡಬೇಡಿ: ಮಗುವಿಗೆ ಯಾರೋ ಹಿಂಸೆ ಕೊಡುತ್ತಿದ್ದಾರೆ, ಅಥವಾ ಜೀವಕ್ಕೆ ಅಪಾಯವಿದೆ ಎಂದಾದರೆ ನೀವು ಸುಮ್ಮನಿರುವಂತಿಲ್ಲ. ಆಪ್ತಸಮಾಲೋಚಕರ, ಮಕ್ಕಳ ರಕ್ಷಣೆಯ ಸಹಾಯವಾಣಿಯ ಸಂಖ್ಯೆಗಳು ಮೊದಲ ವಾರವೇ ನಿಯಮದ ಹಾಳೆಯ ಪಕ್ಕ ಇರಲಿ.

ಮೈ ಮತ್ತು ಗೋಡೆ

ಎಲ್ಲರೂ ಮಾತಿನವರಲ್ಲ. ಆರನೇ ವಾರವನ್ನು ಬ್ರೇಕಿಂಗ್ (ಬಿ-ಬಾಯ್, ಬಿ-ಗರ್ಲ್‌ಗಳ ಕುಣಿತ) ಮತ್ತು ಗ್ರಾಫಿಟಿ ಎಂಬ ಅಕ್ಷರ ಚಿತ್ರಕ್ಕೆ ಬಿಡಿ. ಬ್ರೇಕಿಂಗ್‌ಗೆ ಬೀಟ್ 110–125. ಬರಿ ಸಿಮೆಂಟ್ ಮೇಲೆ ಬೇಡ; 3 ಮೀಟರ್ ಚೌಕದ ವಿನೈಲ್ ಹಾಸು, ಇಲ್ಲವೇ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಅಂಚಿಗೆಲ್ಲ ಟೇಪ್ ಹಾಕಿ. ಟೇಪ್ ಸಡಿಲವಾದ ಕಡೆಯೇ ಕಾಲು ಜಾರುವುದು. ಮಣಿಕಟ್ಟು ತಿರುಗಿಸುವುದಕ್ಕೆ ಐದು ನಿಮಿಷ ಕಡ್ಡಾಯ. ನಿಂತು ಮಾಡುವ ಟಾಪ್‌ರಾಕ್ ಸಾಕಷ್ಟು ಬಂದ ಮೇಲೆ ನೆಲದ ಫುಟ್‌ವರ್ಕ್, ಆಮೇಲೆ ಒಂದು ಫ್ರೀಜ್, ಅಂದರೆ ಒಂದು ಭಂಗಿಯಲ್ಲಿ ತಟ್ಟನೆ ಅಲ್ಲಾಡದೆ ನಿಲ್ಲುವುದು. ಬೇಬಿ ಫ್ರೀಜ್‌ನಲ್ಲಿ ಮೊಣಕೈ ಸೊಂಟದ ಪಕ್ಕಕ್ಕೆ ಊರಿ ಮೈಭಾರ ತೋಳಿನ ಮೇಲೆ ನೇರ ಇಳಿಯಬೇಕು. ಮೊಣಕೈ ಹೊರಗೆ ಸರಿದರೆ ಭಾರವೆಲ್ಲ ಮಣಿಕಟ್ಟಿಗೆ. ತಲೆಯ ಮೇಲೆ ತಿರುಗುವುದನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ. ಎಂಟು ವಾರದಲ್ಲಿ ಅದು ಇಲ್ಲ, ಕುತ್ತಿಗೆಯ ವಿಷಯ.

ಗ್ರಾಫಿಟಿಗೆ ಗೋಡೆಯ ಮಾಲೀಕರ ಲಿಖಿತ ಒಪ್ಪಿಗೆ ಬೇಕು. ಮೊದಲು ಕಾಗದ, ಆಮೇಲೆ ಗೋಡೆ. ಕನ್ನಡ ಲಿಪಿ ಇದಕ್ಕೆ ಹೇಳಿ ಮಾಡಿಸಿದಂತಿದೆ: ತಲಕಟ್ಟನ್ನು ಬಾಣವಾಗಿ ಎಳೆಯಬಹುದು, ಒತ್ತಕ್ಷರ ಕೆಳಗಿಳಿದು ಎರಡನೇ ಪದರವಾಗುತ್ತದೆ, ಗುಂಡು ಅಕ್ಷರಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ. ಮಕ್ಕಳಿಗೆ ನೀರಿನ ಅಕ್ರಿಲಿಕ್ ಮತ್ತು ಪೇಂಟ್ ಮಾರ್ಕರ್ ಸಾಕು. ದೊಡ್ಡವರು ಸ್ಪ್ರೇ ಬಳಸುವುದಾದರೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮುಸುಕು ಬೇಕು. ಬಟ್ಟೆಯ ಮಾಸ್ಕ್ ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಬಣ್ಣ ಸೋರಿದರೆ ಕೈ ನಿಧಾನವಾಯಿತು ಅಥವಾ ಗೋಡೆಗೆ ತೀರಾ ಹತ್ತಿರ ಬಂತು ಎಂದರ್ಥ.

ಎಂಟನೇ ವಾರ

ಕೊನೆಯ ವಾರ ಜ್ಯಾಮ್, ಎಲ್ಲರೂ ಸೇರಿ ಹಾಡಿ ಕುಣಿಯುವ ಕೂಟ. ಮನೆಯವರು, ಗೆಳೆಯರು ಬರಲಿ. ವೇದಿಕೆ ಹಾಕಬೇಡಿ, ಬಹುಮಾನ ಬೇಡ. ವೃತ್ತವನ್ನೇ ಎರಡು ಮೀಟರ್ ಅಗಲಿಸಿ, ಬಂದವರನ್ನು ಅಂಚಿನಲ್ಲಿ ನಿಲ್ಲಿಸಿ, ಚಪ್ಪಾಳೆಯ ಕೆಲಸ ಅವರಿಗೆ ಒಪ್ಪಿಸಿ. ಯಾವ ಸಾಲು ಹೊರಗಿನವರ ಮುಂದೆ ಹೇಳಬೇಕು ಎಂಬುದನ್ನು ಬರೆದವರೇ ಏಳನೇ ವಾರ ನಿರ್ಧರಿಸಲಿ. ರೆಕಾರ್ಡಿಂಗ್ ಬೇಕಿದ್ದರೆ ಅಪ್ರಾಪ್ತರ ಹೆತ್ತವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ, ಮಗುವಿನ ಒಪ್ಪಿಗೆಯನ್ನು ಬೇರೆಯಾಗಿ ಕೇಳಿ.

ಐದನೇ ವಾರದಿಂದ ಬೀಟ್, ಸಮಯ, ಆತಿಥ್ಯ, ಬಾಗಿಲು ಎಂಬ ನಾಲ್ಕು ಕೆಲಸಗಳು ಒಬ್ಬರಿಂದೊಬ್ಬರಿಗೆ ದಾಟುತ್ತಿರಬೇಕು, ಎರಡು ವಾರಕ್ಕಿಂತ ಹೆಚ್ಚು ಯಾರ ಕೈಯಲ್ಲೂ ನಿಲ್ಲದಂತೆ. ಒಂಬತ್ತನೇ ವಾರ ಕೋಣೆಯ ಬೀಗದಕೈ ಯಾರ ಬಳಿ, ಸ್ಪೀಕರ್ ಚಾರ್ಜ್ ಮಾಡುವುದು ಯಾರು, ಹೊಸಬರು ಬಂದರೆ ನಿಯಮದ ಹಾಳೆ ಓದಿ ಹೇಳುವುದು ಯಾರು ಎಂಬ ಮೂರು ಹೆಸರುಗಳನ್ನು ಜ್ಯಾಮ್ ಮುಗಿಯುವ ಮುನ್ನ ಆ ಹಾಳೆಯ ಕೆಳಗೇ ಬರೆಸಿ. ಮೂರರಲ್ಲಿ ನಿಮ್ಮ ಹೆಸರು ಇರಬಾರದು.